ಅರೆಬೆಂದ ಇದ್ದಿಲಿನ ಪ್ರಯಾಣಿಕರು

ಇದನ್ನು ಬರೆಯಬೇಕೆಂದು ಕುಳಿತು, ಏನೋ ನೆಪ ತೆಗೆದು ಎದ್ದುಹೋದದ್ದು ಎಷ್ಟು ಸಲವೋ. ಕನ್ನಡಕ ಸರಿಯಿಲ್ಲ ಎಂದೆ, ಹಬ್ಬ ಕಳೆಯಲಿ ಎಂದೆ, ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಮದುವೆಯೂ ಆಯಿತು, ಕನ್ನಡಕವೂ ಬದಲಾಯಿತು. ಹೇಳಬೇಕಾದದ್ದು ಮಾತ್ರ ಹಾಗೇ ಉಳಿಯಿತು.

ಮೊನ್ನೆ ನಮ್ಮ ಬೀದಿಯ ಇಸ್ತ್ರಿಯವನ ಹತ್ತಿರ ಅಂಗಿ ತರಲು ಹೋಗಿದ್ದೆ. ಅವನ ಪೆಟ್ಟಿಗೆಯಿಂದ ಕಣ್ಣುರಿಯುವ ಹೊಗೆ ಏಳುತ್ತಿತ್ತು. ಬೈದುಕೊಳ್ಳುತ್ತ ಮುಚ್ಚಳ ತೆಗೆದ, ಇಕ್ಕಳದಿಂದ ಒಂದು ಇದ್ದಿಲ ತುಂಡನ್ನು ಎತ್ತಿ ಚರಂಡಿಯ ಕಡೆಗೆ ಎಸೆದ. "ಅರೆಬೆಂದಿದ್ದು ಕಣಜ್ಜಾ. ಇಂಥದ್ದು ಒಂದು ಸೇರ್ಕೊಂಡ್ರೆ ಸಾಕು, ಬಟ್ಟೆಯೆಲ್ಲ ಹೊಗೆ ನಾತ" ಎಂದ. ಹೊರಗೆ ಕಪ್ಪು, ಒಳಗೆ ಇನ್ನೂ ಮರವಾಗಿಯೇ ಉಳಿದಿದ್ದ ಆ ತುಂಡು... ಆರಿದ ಮೇಲೆ ಎತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಅಂಗಿಯನ್ನು ಅಲ್ಲೇ ಮರೆತೆ.

ಎರಡನೇ ಮಹಾಯುದ್ಧದ ಕಾಲ ಅದು. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳ ಬೆನ್ನಿಗೆ ದೊಡ್ಡ ಡ್ರಮ್ಮೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. ಹೈಸ್ಕೂಲು ಮುಗಿಸಿದ್ದ ನಾನು ಅಂಥದೊಂದು ಬಸ್ಸಿಗೆ ಕಂಡಕ್ಟರನಾದೆ. ನ್ಯಾಮತಿಯಿಂದ ಹೊರಟು, ಹೊನ್ನಾಳಿಯ ಮೇಲೆ ಚನ್ನಗಿರಿಗೆ ಹೋಗಿ, ಸಂಜೆಗೆ ವಾಪಸು ನ್ಯಾಮತಿ. ಆ ಬಸ್ಸಿನ ಡ್ರೈವರು ಜಗಳೂರು ಕಡೆಯವರು. ನಾನು ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ಅವರಿಗೆ 'ಹೈಸ್ಕೂಲು'.

ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಡ್ರಮ್ಮಿಗೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಪಕ್ಕದ ಫ್ಯಾನನ್ನು ಕೈಯಿಂದ ತಿರುವಬೇಕಿತ್ತು. ಬರೀ ಹೊಗೆ ಬರುತ್ತಿತ್ತು ಮೊದಮೊದಲು. ತೋಳು ಸೋತ ಮೇಲೆ ಗ್ಯಾಸು. ದಾರಿಯುದ್ದಕ್ಕೂ ನಿಂತು ನಿಂತು ಬೂದಿ ಕೆದಕಬೇಕು. ಏರು ಬಂದರೆ ಜನರನ್ನು ಇಳಿಸಬೇಕು, ತಳ್ಳಿಸಬೇಕು. ಸಂಜೆ ನ್ಯಾಮತಿಯ ಶೆಡ್ಡಿಗೆ ಬರುವಷ್ಟರಲ್ಲಿ ನಮ್ಮಿಬ್ಬರ ಹಲ್ಲು ಬಿಟ್ಟರೆ ಬೇರೇನೂ ಬಿಳಿ ಇರುತ್ತಿರಲಿಲ್ಲ. ನಾನು ಮುಖ ತೊಳೆದು ಚಾಪೆಗೆ ಬೀಳುತ್ತಿದ್ದೆ. ಡ್ರೈವರಣ್ಣ ಮುಖ ತೊಳೆದು ಶೆಡ್ಡಿನ ಜಗಲಿಗೆ ಹೋಗಿ ಕೂರುತ್ತಿದ್ದರು. ಕೈಯಲ್ಲಿ ಒಂದು ಸಣ್ಣ ಚಾಕು, ಒಂದು ಅರೆಬೆಂದ ತುಂಡು.

ಆ ತುಂಡುಗಳನ್ನು ಗ್ಯಾಸಿನ ಡ್ರಮ್ಮಿಗೆ ಹಾಕುವಂತಿರಲಿಲ್ಲ. ಮರದ ಅಂಶ ಉಳಿದಿದ್ದರೆ ಅಂಟು ಕಟ್ಟಿ ಎಂಜಿನ್ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಇದ್ದಿಲಿನ ಮೂಟೆ ಬಂದಾಗಲೆಲ್ಲ ಅವನ್ನು ಆರಿಸಿ ಎಸೆಯುವುದು ನಮ್ಮ ಕೆಲಸ. ಎಸೆದ ರಾಶಿಯಿಂದ ಡ್ರೈವರಣ್ಣ ಗೊಂಬೆ ಕೆತ್ತಲು ತಮಗೆ ಬೇಕಾದ್ದನ್ನು ಆಯ್ದುಕೊಳ್ಳುತ್ತಿದ್ದರು. ಕಂಬಳಿ ಹೊದ್ದ ಮುದುಕ ಬೇಕೆಂದರೆ ಹೊರಗಿನ ಕರಿಯನ್ನು ಹಾಗೇ ಬಿಟ್ಟು, ಮುಖದಷ್ಟು ಜಾಗದಲ್ಲಿ ಮಾತ್ರ ಕೆತ್ತುತ್ತಿದ್ದರು. ಒಳಗಿನ ಕೆಂಪು ಮರ ಕಂಡು, ಕಂಬಳಿಯೊಳಗಿನಿಂದ ಮುದುಕ ಇಣುಕುತ್ತಿದ್ದ. ಹೆಂಗಸಾದರೆ ತುರುಬಿನ ಜಾಗದಲ್ಲಿ ಕರಿ ಉಳಿಯುತ್ತಿತ್ತು. ಕೈಗೆ ಮಸಿ ಹತ್ತದಂತೆ ಕೊನೆಗೆ ಹರಳೆಣ್ಣೆ ಉಜ್ಜುತ್ತಿದ್ದರು. ಎಲ್ಲರೂ ನಮ್ಮ ಬಸ್ಸಿನ ಪ್ರಯಾಣಿಕರೇ. ಅಂದು ಹತ್ತಿದವರಲ್ಲಿ ಒಬ್ಬರು ಅಂದು ಸಂಜೆ ಅವರ ಅಂಗೈಯಲ್ಲಿ ಕೂತಿರುತ್ತಿದ್ದರು.

ಯಾಕೆ ಎಂದು ನಾನು ಕೇಳಿದ್ದೆ. ಅವರ ಹೆಂಡತಿಗೆ ಮದುವೆಯಾದ ಹೊಸತರಲ್ಲಿ ಜ್ವರ ಬಂದು ಕಾಲಿನ ಬಲ ಹೋಗಿತ್ತು. ಹೊಸ್ತಿಲು ದಾಟಲಾರರು. ಗಂಡ ಓಡಿಸುವ ಬಸ್ಸನ್ನು ಒಮ್ಮೆಯೂ ಕಂಡವರಲ್ಲ. "ಬಸ್ಸು ಹೆಂಗಿರ್ತೈತೆ ಅಂತ ಕೇಳಲಿಲ್ಲ ನೋಡು ಅವಳು. ಬಸ್ಸಿನಾಗೆ ಯಾರ್ಯಾರು ಕೂತಿರ್ತಾರೆ ಅಂತ ಕೇಳಿದ್ಲು. ಬಾಯಾಗೆ ಹೇಳಾಕೆ ನಂಗೆ ಬರಲ್ಲ" ಎಂದಿದ್ದರು. ಆ ವರ್ಷದ ದೀಪಾವಳಿಗೆ ಒಂದಿಡೀ ಬಸ್ಸಿನ ಜನರನ್ನು ಜಗಳೂರಿಗೆ ಒಯ್ಯುವುದೆಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಮುಗಿದ ಗೊಂಬೆಗಳು ಒಂದು ಗೋಣಿಚೀಲದಲ್ಲಿ ಶೆಡ್ಡಿನ ಮೂಲೆಯಲ್ಲಿರುತ್ತಿದ್ದವು. ಇದ್ದಿಲಿನ ಚೀಲಗಳ ಜೊತೆ ಕಲೆತುಹೋಗದಿರಲೆಂದು ಅದರ ಬಾಯಿಗೆ ಕೆಂಪು ಬಟ್ಟೆ ಕಟ್ಟಿದವನು ನಾನೇ.

ನನಗೂ ಒಂದು ಹುಚ್ಚಿತ್ತು. ನಾಟಕ ಬರೆಯಬೇಕು ಎಂಬುದು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು ಸಿಕ್ಕಿಸಿಕೊಂಡು, ಬಸ್ಸಿನವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಬರೆದದ್ದು ಮಾತ್ರ ಮೊದಲ ದೃಶ್ಯದ ಅರ್ಧ.

"ದಿನಾ ಇಷ್ಟು ದುಡಿದು ಬಂದ ಮೇಲೆ ಮನಸೇ ಬರಲ್ಲ ಡ್ರೈವರಣ್ಣ. ನಿಮಗೆ ಹೆಂಗೆ ಬರ್ತೈತೆ?" ಎಂದೆ ಒಂದು ಸಂಜೆ.

"ನನಗೆಲ್ಲಿ ಬರ್ತೈತೋ? ಬರಲಿ ಅಂತ ಕಾಯಾಕೆ ಅದೇನು ಬೀಗರಾ? ಬೆಳಿಗ್ಗೆ ಗ್ಯಾಸು ತಾನಾಗೇ ಬರ್ತೈತಾ ಹೇಳು. ಫ್ಯಾನು ತಿರುವಬೇಕು. ಮೊದ್ಲು ಹೊಗೆನೇ ಬರದು. ಕಣ್ಣು ಉರೀತೈತೆ, ತೋಳು ಸೋಲ್ತೈತೆ. ಆಮ್ಯಾಕೆ ಗ್ಯಾಸು. ನೀನು ಹೊಗೆ ನೋಡಿ ಎದ್ದುಹೋಗ್ತೀಯ."

ಇನ್ನೊಂದು ರೂಢಿ ಅವರದು. ಎಂದೂ ಒಂದು ಗೊಂಬೆಯನ್ನು ಅದೇ ಸಂಜೆ ಪೂರ್ತಿ ಮಾಡುತ್ತಿರಲಿಲ್ಲ. ಬೆಳಕು ಇದ್ದರೂ, ಕೈಯಲ್ಲಿ ಶಕ್ತಿ ಇದ್ದರೂ, ಒಂದು ಕಿವಿಯನ್ನೋ ಒಂದು ಪಾದವನ್ನೋ ಬಿಟ್ಟು ಚಾಕು ಮಡಿಸುತ್ತಿದ್ದರು. "ಎಲ್ಲಾ ಮುಗಿಸಿ ಮಲಗಿದ್ರೆ ನಾಳೆ ಸಂಜೆ ಯಾವನು ಕೂರ್ತಾನೆ? ಒಂದು ಕಿವಿ ಬಿಟ್ಟಿದ್ರೆ ಅದು ದಿನವೆಲ್ಲ ಕರೀತಿರ್ತೈತೆ. ಸ್ಟೇರಿಂಗ್ ಹಿಡ್ಕಂಡಿದ್ರೂ ಕೇಳ್ತೈತೆ" ಎನ್ನುತ್ತಿದ್ದರು. ಮರುದಿನ ಮೊದಲು ಆ ಕಿವಿ, ಆಮೇಲೆ ಹೊಸ ತುಂಡು. ನಾನು ನಗುತ್ತಿದ್ದೆ. ಹೈಸ್ಕೂಲು ಓದಿದವನಿಗೆ ಕಿವಿಯ ಪಾಠವೇ ಎಂದು...

ದೀಪಾವಳಿಗೆ ಸ್ವಲ್ಪ ಮೊದಲು ಅವರು ನನ್ನನ್ನೂ ಮಾಡಿದರು. ನಿಂತಲ್ಲೇ ತೂಕಡಿಸುತ್ತಿರುವ ಕಂಡಕ್ಟರು. ಬಾಯಿ ತೆರೆದಿದೆ, ಚೀಲ ಜಾರಿದೆ, ಕಿವಿಯ ಮೇಲೆ ಕಡ್ಡಿಯಷ್ಟು ಪೆನ್ಸಿಲು. ಮರುದಿನ ಹೊನ್ನಾಳಿಯಲ್ಲಿ ಬಸ್ಸು ನಿಂತಾಗ ಅದನ್ನು ಬೆಣ್ಣೆ ಅಜ್ಜಿಗೆ ತೋರಿಸಿದರು. ಅಜ್ಜಿ ಬೆಣ್ಣೆ ಮಾರಲು ದಿನವೂ ನಮ್ಮ ಬಸ್ಸಿಗೆ ಬರುವವಳು. ಬಾಯಿ ಜೋರು.

"ಅಯ್ಯಯ್ಯೋ, ನಮ್ಮ ಹೈಸ್ಕೂಲು! ಬಾಯಾಗೆ ನೊಣ ಹತ್ತಿಸ್ಕಂಡು ಟಿಕೀಟು ಕೊಡಾಂಗೆ ಕಾಣ್ತಾನೆ" ಎಂದು ಕೂಗಿದಳು. ಗೊಂಬೆ ಕೈಯಿಂದ ಕೈಗೆ ಹೋಯಿತು. "ಪೆನ್ಸಿಲು ಯಾಕವ್ವಾ ಕಿವಿ ಮ್ಯಾಲೆ?" ಎಂದು ಯಾರೋ ಕೇಳಿದರು. "ಕಿವಿ ಕೆರ್ಕಳ್ಳಾಕೆ ಕಣಪ್ಪಾ. ಇನ್ನೇನು, ಬರಿಯಾಕಾ?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ನಗುವಾಗಲೇ ಒಳಗೆ ಏನೋ ಸುಟ್ಟಿತು. ಗೊಂಬೆ ಹೇಳಿದ್ದು ಸುಳ್ಳಾಗಿದ್ದರೆ ಸುಡುತ್ತಿರಲಿಲ್ಲ.

ಡ್ರೈವರಣ್ಣ ಜಗಳೂರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಇದ್ದಿಲು ತುಂಬಲು ನಾನೊಬ್ಬನೇ ಶೆಡ್ಡಿಗೆ ಹೋದೆ. ಅವರು ಚಕ್ರದ ಬಳಿ ಏನೋ ನೋಡುತ್ತಿದ್ದರು. ಒಂದು ಚೀಲ ಸುರಿದೆ. ಎರಡನೆಯದಕ್ಕೆ ಕೈ ಹಾಕಿದಾಗ ಬೆರಳಿಗೆ ಕೆಂಪು ಬಟ್ಟೆ ಸಿಕ್ಕಿತು. ಕತ್ತಲಿರಲಿಲ್ಲ, ಮಂಜೂ ಇರಲಿಲ್ಲ. ಆ ಗಂಟನ್ನು ಬಿಚ್ಚಿದೆ. ಗೊಂಬೆಗಳು ಒಂದರ ಮೇಲೊಂದು ಡ್ರಮ್ಮಿಗೆ ಬಿದ್ದ ಸದ್ದು ಇದ್ದಿಲಿನ ಸದ್ದಲ್ಲ. ಮೇಲೆ ಇನ್ನಷ್ಟು ಇದ್ದಿಲು ಸುರಿದು ಮುಚ್ಚಳ ಹಾಕಿ, ಫ್ಯಾನು ತಿರುವಲು ನಿಂತೆ. ಇಷ್ಟು ಜೋರಾಗಿ ನಾನು ಹಿಂದೆಂದೂ ತಿರುವಿರಲಿಲ್ಲ.

ಹೊನ್ನಾಳಿ ದಾಟುವವರೆಗೆ ಬಸ್ಸು ಕೆಮ್ಮುತ್ತ ಓಡಿತು. ಚನ್ನಗಿರಿಗೆ ಮೊದಲು ಬರುವ ಏರಿನಲ್ಲಿ ನಿಂತೇಹೋಯಿತು. ಹಳದಿ ಹೊಗೆ. ಡ್ರೈವರಣ್ಣ ಇಳಿದು ಬಂದು, ಡ್ರಮ್ಮಿನ ಕೆಳಬಾಗಿಲು ತೆಗೆದು ಕೋಲಿನಿಂದ ಎಳೆದರು. ಬೂದಿಯ ಜೊತೆ ಹೊರಬಂದದ್ದು ಅರ್ಧ ಉರಿದ ಒಂದು ತಲೆ. ತುರುಬು ಇತ್ತು, ಮುಖ ಇರಲಿಲ್ಲ.

"ಇದ್ದಿಲು ಅಂದ್ಕಂಡೆ ಡ್ರೈವರಣ್ಣ" ಎಂದೆ.

ಅವರು ಅದನ್ನು ಕೋಲಿನ ತುದಿಯಿಂದ ಸ್ವಲ್ಪ ಹೊತ್ತು ಹೊರಳಿಸಿದರು. ಬೆಣ್ಣೆ ಅಜ್ಜಿ ಹತ್ತಿರ ಬಂದು ನೋಡಿ, ಮೊದಲ ಸಲ ಬಾಯಿ ಮುಚ್ಚಿಕೊಂಡಳು. ಡ್ರೈವರಣ್ಣ ಎದ್ದು ಪಂಚೆಗೆ ಕೈ ಒರೆಸಿಕೊಂಡು ಜನರ ಕಡೆ ತಿರುಗಿ, "ಇಳೀರಿ, ಎಲ್ಲಾರೂ ಇಳೀರಿ, ತಳ್ಳಬೇಕು. ಒಳಗಿರೋರೂ ನಿಮ್ಮೋರೇ, ಉರಿದು ಉರಿದು ಸುಸ್ತಾಗ್ಯಾರೆ" ಎಂದರು. ಜನ ನಗುತ್ತ ತಳ್ಳಿದರು. ನಾನೂ ತಳ್ಳಿದೆ, ತಲೆ ತಗ್ಗಿಸಿ.

ಆ ಸಂಜೆ ಅವರು ಜಗಲಿಗೆ ಬರಲಾರರು ಎಂದುಕೊಂಡಿದ್ದೆ. ಮುಖ ತೊಳೆದು ಬಂದು ಕೂತರು. ಎಸೆದ ರಾಶಿಯಿಂದ ಒಂದು ತುಂಡು ಹುಡುಕಿದರು. ಬೆಳಕು ಇರುವವರೆಗೂ ಕೆತ್ತಿದರು. ಬುಟ್ಟಿ ಹೊತ್ತ ಬೆಣ್ಣೆ ಅಜ್ಜಿ ಒಬ್ಬಳೇ ಆದಳು, ಅವಳಿಗೂ ಎಡಗಿವಿ ಇರಲಿಲ್ಲ. ಅದನ್ನೇ ಜೇಬಿಗೆ ಹಾಕಿಕೊಂಡು ಬೆಳಿಗ್ಗೆ ಜಗಳೂರಿಗೆ ಹೋದರು.

ಹಬ್ಬ ಮುಗಿಸಿ ಬಂದಾಗ ಅವರೇ ಹೇಳಿದರು. "ಒಬ್ಬಳೇ ಬಂದಾಳಲ್ಲ, ಉಳಿದೋರೆಲ್ಲಿ ಅಂತ ಕೇಳಿದ್ಲು. ಏರಿನಾಗೆ ಬಸ್ಸು ಕೆಟ್ಟೈತೆ, ಅಜ್ಜಿ ಮಾತ್ರ ನಡ್ಕಂಡು ಬಂದ್ಲು, ಉಳಿದೋರು ಮುಂದಿನ ಬಸ್ಸಿಗೆ ಬರ್ತಾರೆ ಅಂದೆ. ಹಂಗಾರೆ ಅವರ ಜಾಗ ಹಂಗೇ ಇರಲಿ ಅಂದ್ಲು." ಹೀಗೆ ಹೇಳಿ ಅಜ್ಜಿಯ ಎಡಗಿವಿ ಕೆತ್ತಲು ಕೂತರು. ಹೆಂಡತಿಯೇ ಅದನ್ನು ಮುಗಿಸಿ ತನ್ನಿ ಎಂದು ವಾಪಸು ಕಳಿಸಿದ್ದರಂತೆ.

ಅಂದು ನಾನು ನಾಟಕದ ಹಾಳೆ ತೆಗೆದುಕೊಂಡು ಅವರ ಪಕ್ಕ ಜಗಲಿಯಲ್ಲಿ ಕೂತೆ. ಅವರು ಸ್ವಲ್ಪ ಸರಿದು ಜಾಗ ಕೊಟ್ಟರು. ಹೊಗೆ ಬಂತು, ಕಣ್ಣುರಿಯಿತು... ಬರೆದೆ. ಒಂದು ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಮರುದಿನ ಟಿಕೆಟ್ಟು ಹರಿಯುವಾಗಲೆಲ್ಲ ಆ ಅರ್ಧ ಮಾತು ಕರೆಯುತ್ತಿತ್ತು.

ನಿಜವನ್ನು ಅವರಿಗೆ ಹೇಳಿದ್ದು ಬೇಸಿಗೆಯಲ್ಲಿ, ಫ್ಯಾನು ತಿರುವುತ್ತ. ಮುಖ ನೋಡಬೇಕಾಗಿರಲಿಲ್ಲ, ಅದಕ್ಕೇ ಆಗ ಹೇಳಿದೆ.

"ಗೊತ್ತಿತ್ತು ಬಿಡು" ಎಂದರು. "ಕೆಂಪು ಬಟ್ಟೆ ಕಟ್ಟಿದೋನು ನೀನೇ ಅಲ್ವೇನೋ?"

"ಮತ್ತೆ ಯಾಕೆ ಬೈಲಿಲ್ಲ?"

"ನಿನ್ನ ಗೊಂಬೆ ನಾನೂ ಎಲ್ಲಾರ ಕೈಗೆ ಕೊಡಬಾರದಿತ್ತು. ಅದು ಇಬ್ಬರ ಲೆಕ್ಕ, ಮುಗೀತು. ಆದ್ರೆ ಹೈಸ್ಕೂಲು, ಆ ಜನ ನನ್ನೋರಲ್ಲ, ಅವಳೋರು. ಕ್ಷಮೆ ಕೇಳಾದಿದ್ರೆ ಅವಳನ್ನ ಕೇಳು."

ಕೇಳುತ್ತೇನೆ ಎಂದೆ. ಯುದ್ಧ ಮುಗಿದು ಪೆಟ್ರೋಲು ಬಂತು. ಡ್ರಮ್ಮುಗಳನ್ನು ಕಳಚಿ ಗುಜರಿಗೆ ಹಾಕಿದರು. ಡ್ರೈವರಣ್ಣ ಬೇರೆ ಲೈನಿಗೆ ಹೋದರು, ನಾನು ಹೊನ್ನಾಳಿಯಲ್ಲಿ ಗುಮಾಸ್ತನಾದೆ. ಒಮ್ಮೆ ಕೆಲಸದ ಮೇಲೆ ಜಗಳೂರಿಗೆ ಹೋದಾಗ ಮನೆ ಕೇಳಿಕೊಂಡು ಹೋದೆ. ಡ್ರೈವರಣ್ಣ ಬಸ್ಸಿನ ಕೆಲಸಕ್ಕೆ ಹೋಗಿದ್ದರು. ಬಾಗಿಲ ಪಕ್ಕದಲ್ಲೇ ಅವರ ಹೆಂಡತಿ ಕೂತಿದ್ದರು, ಮಡಿಲಲ್ಲಿ ಸೊಪ್ಪು ಬಿಡಿಸುತ್ತ.

"ನಿಮ್ಮ ಯಜಮಾನರ ಜೊತೆ ಕಂಡಕ್ಟರಾಗಿದ್ದೆ ಅಕ್ಕಾ."

"ಓ, ಹೈಸ್ಕೂಲಾ! ಬಾ ಒಳಗೆ. ಬಾಯಿ ಮುಚ್ಕಂಡೇ ಅದೀಯಲ್ಲೋ, ಇವರು ತೆಕ್ಕಂಡಿರ್ತಾನೆ ಅಂದಿದ್ರು" ಎಂದು ಅವರು ನಕ್ಕರು. ಗೋಡೆಯ ಉದ್ದನೆಯ ಗೂಡಿನಲ್ಲಿ ಗೊಂಬೆಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕೂ ಮುಂದೆ ಬೆಣ್ಣೆ ಅಜ್ಜಿ, ಎರಡೂ ಕಿವಿಯೊಂದಿಗೆ. ಅವಳ ಹಿಂದೆ ಒಂದಷ್ಟು ಜಾಗ ಖಾಲಿ, ಒರೆಸಿ ಚೊಕ್ಕಟವಾಗಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅಕ್ಕ, "ಅದು ಕೆಟ್ಟುನಿಂತ ಬಸ್ಸಿನೋರದು. ಬೇರೆಯೋರ್ನ ಕೂಡಿಸಿಲ್ಲ. ನೀನೂ ಅದೇ ಬಸ್ಸಿನಾಗೆ ಇದ್ಯಂತಲ್ಲ, ಎಲ್ಲಿಗೆ ಬಂದ್ರಪ್ಪಾ?" ಎಂದರು.

ಆಗ ಹೇಳಬೇಕಿತ್ತು. "ಬರ್ತಾರಕ್ಕಾ" ಎಂದೆ.

"ಬರ್ಲಿ ಬಿಡು, ನಮಗೇನು ಅವಸರ" ಎಂದು ಮಜ್ಜಿಗೆ ಕೊಟ್ಟರು. ಕುಡಿದು ಬಂದೆ.

ಆಮೇಲೆ ನನ್ನ ಬದುಕು ಸುಖವಾಗಿಯೇ ಹೋಯಿತು. ಹಗಲೆಲ್ಲ ಗುಮಾಸ್ತಿಕೆ, ಸಂಜೆ ಒಂದು ಗಳಿಗೆ ನನ್ನ ಹಾಳೆ. ನಾನು ಬರೆದ ಸಣ್ಣಪುಟ್ಟ ನಾಟಕಗಳನ್ನು ತ್ಯಾವಣಿಗೆಯ ಹುಡುಗರು ಆಡಿದರು, ಸವಳಂಗದವರು ಆಡಿದರು. ದೊಡ್ಡ ಹೆಸರೇನೂ ಬರಲಿಲ್ಲ, ಬೇಕೆನಿಸಲೂ ಇಲ್ಲ. ದಣಿದ ಸಂಜೆಯಲ್ಲಿ ಹೋಗಿ ಕೂರಲು ಒಂದು ಜಗಲಿ ಇದೆ ಎಂಬುದೇ ಸಾಕಾಗಿತ್ತು. ಅದನ್ನು ಕೊಟ್ಟವರು ಹೋಗಿ ಬಹಳ ವರ್ಷವಾಯಿತು. ಅಕ್ಕನೂ ಹೋದರೆಂದು ಕೇಳಿದೆ. ಆ ಗೂಡು, ಆ ಖಾಲಿ ಜಾಗ... ಏನಾಯಿತೋ ತಿಳಿಯದು.

ಇಸ್ತ್ರಿಯವನು ಎಸೆದ ತುಂಡು ಈಗ ನನ್ನ ಮೇಜಿನ ಮೇಲಿದೆ. ಅದಕ್ಕೆ ಚಾಕು ಹಾಕುವ ಕೈ ನನ್ನದಲ್ಲ. ಇದನ್ನು ಕೆಲವು ಸಂಜೆಗಳಿಂದ ಬರೆಯುತ್ತಿದ್ದೇನೆ. ಪ್ರತಿ ಸಂಜೆ ಒಂದು ಮಾತನ್ನು ನಾಳೆಗೆಂದು ಬಿಟ್ಟು ಎದ್ದಿದ್ದೇನೆ, ಮರುದಿನ ಅದು ಕರೆದಿದೆ. ಜಗಳೂರಿನ ಆ ಬಾಗಿಲಲ್ಲಿ ಬಿಟ್ಟುಬಂದ ಮಾತು ಮಾತ್ರ ಇಷ್ಟು ವರ್ಷ ಕರೆಯುತ್ತಲೇ ಇತ್ತು. ಇವತ್ತು ಏನನ್ನೂ ಬಿಡದೆ ಏಳುತ್ತೇನೆ.

ಡ್ರೈವರಣ್ಣನ ಹೆಂಡತಿ, ನನಗೆ ಮಜ್ಜಿಗೆ ಕೊಟ್ಟ ಅಕ್ಕಾ, ಆ ಬಸ್ಸು ತಾನಾಗಿ ಕೆಟ್ಟು ನಿಂತಿರಲಿಲ್ಲ. ನಿಮ್ಮ ಜನರನ್ನು ಸುಟ್ಟವನು ನಾನು.