ಅರವತ್ತೊಂಬತ್ತರ ಅರ್ಧ

ಹೋದ ವಾರ ಹಳೇಬೀಡಿನಿಂದ ಅರಸೀಕೆರೆಗೆ ಬರುವ ಬಸ್ಸಿನಲ್ಲಿ, ಬಾಣಾವರ ದಾಟಿದ ಮೇಲೆ, ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ಡಬ್ಬಿ ತೆಗೆದು ನಶ್ಯ ಏರಿಸಿದರು. ನನಗೆ ಸೀನು ಬಂತು. ಸೀನಿನ ಹಿಂದೆಯೇ ನಮ್ಮ ಗಣಿತದ ಮೇಷ್ಟ್ರು ನೆನಪಾದರು. ಅವರು ತಿದ್ದಿದ ಉತ್ತರಪತ್ರಿಕೆಗಳೆಲ್ಲ ನಶ್ಯದ ವಾಸನೆ ಹೊಡೆಯುತ್ತಿದ್ದವು. ಕಟ್ಟು ತರಗತಿಯ ಬಾಗಿಲಿಗೆ ಬಂದರೆ ಸಾಕು, ಹಿಂದಿನ ಬೆಂಚಿನವರಿಗೂ ಇದು ಗಣಿತ ಎಂದು ಗೊತ್ತಾಗುತ್ತಿತ್ತು...

ಬೇರೆ ಮೇಷ್ಟ್ರುಗಳ ಹತ್ತಿರ ನಾವು ಅರ್ಧ ಅಂಕಕ್ಕೂ ಜಗಳಕ್ಕೆ ಹೋಗುತ್ತಿದ್ದೆವು. ಇವರ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಇವರ ಕೂಡಿಕೆಯಲ್ಲಿ ತಪ್ಪು ಕಂಡವರು ಇಡೀ ಶಾಲೆಯಲ್ಲಿ ಒಬ್ಬರೂ ಇರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ನನಗೆ ಗಣಿತವೊಂದೇ ಗಂಟಲಮುಳ್ಳು. ಅವ್ವ ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕೆಲಸ ಜೋರಿದ್ದ ದಿನಗಳಲ್ಲಿ ನಾನೂ ಶಾಲೆ ಬಿಟ್ಟು ಹೋಗುತ್ತಿದ್ದೆ. ಅವ್ವ ಮೊದಲೇ ಹೇಳಿಬಿಟ್ಟಿದ್ದಳು: "ಫೇಲಾದ್ರೆ ಇನ್ನೊಂದ್ ವರ್ಷ ಓದ್ಸಾಕೆ ನನ್ ಕೈಲಿ ಆಗಾಕಿಲ್ಲ ಕಣೆ. ನನ್ ಜೊತೆ ಮಂಡಿಗೆ ಬಾ, ಅಷ್ಟೆ." ಅವಳು ಹೆದರಿಸುವುದಕ್ಕೆ ಹೇಳಿದ್ದಲ್ಲ. ಇದ್ದ ವಿಷಯ ಹೇಳಿದ್ದಳು.

ಫಲಿತಾಂಶದ ದಿನ ನನ್ನ ಅಂಕಪಟ್ಟಿಯಲ್ಲಿ ಗಣಿತಕ್ಕೆ ಮೂವತ್ತೈದು ಇತ್ತು. ಗೆರೆ ಮುಟ್ಟಿ ಪಾಸು. ಖುಷಿಪಟ್ಟು ಸುಮ್ಮನಿರಬೇಕಿತ್ತು ತಾನೇ? ನನಗೋ ಮೊದಲಿಂದಲೂ ಕೆದಕುವ ಚಾಳಿ. ಪಟ್ಟಿಯಲ್ಲೇ ಇದ್ದ ವಾರ್ಷಿಕ ಪರೀಕ್ಷೆಯ ಅಂಕವನ್ನು ಸೇರಿಸಿ ಕೂಡಿದರೂ ನನ್ನ ಲೆಕ್ಕದ ಪ್ರಕಾರ ಮೂವತ್ತಮೂರಕ್ಕಿಂತ ಹೆಚ್ಚು ಬರುವ ಹಾಗಿರಲಿಲ್ಲ.

ಆಗ ವರ್ಷಕ್ಕೆ ಇಪ್ಪತ್ತು ಅಂಕದ ನಾಲ್ಕು ಟೆಸ್ಟು, ಅರವತ್ತು ಅಂಕದ ಎರಡು ಪರೀಕ್ಷೆ. ಒಟ್ಟು ಇನ್ನೂರು. ಅದನ್ನು ಅರ್ಧ ಮಾಡಿ ನೂರಕ್ಕೆ ಇಳಿಸುತ್ತಿದ್ದರು. ಒಂದೆರಡು ಅಂಕ ಕಮ್ಮಿ ಬಿದ್ದವರಿಗೆ ಮೇಷ್ಟ್ರುಗಳೆಲ್ಲ ಸಭೆ ಸೇರಿ ಕೃಪಾಂಕ ಕೊಡುತ್ತಿದ್ದರು, ಆದರೆ ಅದು ಹಾಜರಿ ಸರಿಯಿದ್ದವರಿಗೆ ಮಾತ್ರ. ಕೊಟ್ಟರೆ ಅಂಕದ ಪಕ್ಕದಲ್ಲಿ ಕೆಂಪು ನಕ್ಷತ್ರ ಹಾಕುತ್ತಿದ್ದರು. ನನ್ನ ಹಾಜರಿಯನ್ನು ಮಂಡಿ ನುಂಗಿತ್ತು. ಪಟ್ಟಿಯಲ್ಲಿ ನಕ್ಷತ್ರವೂ ಇರಲಿಲ್ಲ. ಹಾಗಾದರೆ ಈ ಎರಡು ಅಂಕ ಎಲ್ಲಿಂದ ಬಂತು? ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು.

"ದಾನ ಕೊಟ್ಟ ಹಸೀನ ಹಲ್ಲು ಎಣಿಸ್ಬ್ಯಾಡ, ಸುಮ್ಕಿರು" ಎಂದಳು ಅವ್ವ. ನಾನು ಸುಮ್ಮನಿರಲಿಲ್ಲ. ಟೆಸ್ಟಿನ ಹಾಳೆಗಳನ್ನೆಲ್ಲ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದೆ.

ಅವರು ಬೈಯಲಿಲ್ಲ. ಜಗುಲಿಯ ಮೇಲೆ ಕೂರಿಸಿ, "ನೀನು ಹೆಂಗೆ ಮಾಡ್ದೆ, ಹೇಳವ್ವ" ಎಂದರು. ಒಂದೊಂದು ಟೆಸ್ಟನ್ನೂ ಪರೀಕ್ಷೆಯನ್ನೂ ಬೇರೆಬೇರೆಯಾಗಿ ಅರ್ಧ ಮಾಡಿ, ಏಳರ ಅರ್ಧ ಮೂರೂವರೆ ಬಂದರೆ ಆ ಅರೆಯನ್ನು ಬಿಟ್ಟು ಮೂರು ಎಂದು ಬರೆದುಕೊಂಡು ಕೂಡಿದ್ದೆ.

ಮೇಷ್ಟ್ರು ನಕ್ಕರು. "ಮೂರು ಕಡೆ ಅರ್ಧರ್ಧ ಚೆಲ್ಕೊಂಡು ಬಂದಿದ್ದೀಯಲ್ಲ. ನಡುವೆ ಎಲ್ಲೂ ಬಿಡಬಾರ್ದು, ಸೇರಿಸ್ಲೂಬಾರ್ದು. ಎಲ್ಲಾ ಕೂಡಿ ಕೊನೇಲಿ ಒಂದೇ ಸಲ ಅರ್ಧ ಮಾಡ್ಬೇಕು."

ಒಳಗಿನಿಂದ ವಾರ್ಷಿಕ ಪರೀಕ್ಷೆಯ ನನ್ನ ಪತ್ರಿಕೆ ತಂದು, ಮುಖಪುಟದ ಮೊತ್ತವನ್ನು ನನ್ನಿಂದಲೇ ಓದಿಸಿದರು. ಇಪ್ಪತ್ತೊಂದು. ಟೆಸ್ಟುಗಳೆಲ್ಲ ಸೇರಿ ಇಪ್ಪತ್ತಾರು. ಅರ್ಧವಾರ್ಷಿಕದ್ದು ಇಪ್ಪತ್ತೆರಡು. ಒಟ್ಟು ಅರವತ್ತೊಂಬತ್ತು. ಅದರ ಅರ್ಧ ಮೂವತ್ತನಾಲ್ಕೂವರೆ. ಕೊನೆಯಲ್ಲಿ ಉಳಿದ ಅರ್ಧವನ್ನು ಒಂದು ಮಾಡುವುದು ಎಲ್ಲರಿಗೂ ಇದ್ದ ನಿಯಮ. ಮೂವತ್ತೈದು!

"ಯಾರ ಕೃಪೇನೂ ಅಲ್ಲ. ನಿಂದೇ ಅಂಕ" ಎಂದರು. ವಾರ್ಷಿಕ ಪರೀಕ್ಷೆಯ ಪತ್ರಿಕೆಯನ್ನು ಶಾಲೆಯವರು ಯಾರಿಗೂ ಕೊಡುತ್ತಿರಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ನನ್ನ ಕೈಗಿಟ್ಟರು. "ಇಟ್ಕೋ" ಎಂದರು. ಅಷ್ಟೇ.

ನನ್ನದೇ ಅಂಕ! ಆ ಮಾತು ನನ್ನನ್ನು ಕುಣಿಸಿಬಿಟ್ಟಿತು. ಇಷ್ಟು ದಿನ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದ ಗಣಿತವನ್ನು ಹತ್ತನೇ ತರಗತಿಯಲ್ಲಿ ನಾನೇ ಅಟ್ಟಿಸಿಕೊಂಡು ಹೋದೆ. ಈಗ ನಾನೂ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅಂಕ ಇಳಿಸುವ ಕೆಲಸವನ್ನೆಲ್ಲ ಕಂಪ್ಯೂಟರು ಮಾಡುತ್ತದೆ, ನಡುವೆ ಅರ್ಧ ಚೆಲ್ಲುವುದಿಲ್ಲ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು...

ಬಸ್ಸಿಳಿದು ಮನೆಗೆ ಹೋದವಳೇ ಟ್ರಂಕು ತೆಗೆದೆ. ಪತ್ರಿಕೆ ಅಲ್ಲೇ ಇತ್ತು. ಕೈಗೆ ಬಂದ ಪತ್ರಿಕೆಯನ್ನು ಕೂಡದೆ ಇರಲು ಟೀಚರುಗಳಿಗೆ ಆಗುವುದಿಲ್ಲ. ಒಳಪುಟಗಳ ಅಂಕಗಳನ್ನು ಕೂಡುತ್ತ ಹೋದೆ. ಇಪ್ಪತ್ತು ಬಂತು. ಹಿಂದಿನಿಂದ ಕೂಡಿದೆ. ಇಪ್ಪತ್ತೇ. ಮುಖಪುಟದಲ್ಲಿ ಮಾತ್ರ ಚಿತ್ತು ಕಾಟಿಲ್ಲದ ಇಪ್ಪತ್ತೊಂದು. ಅಂದರೆ ಒಟ್ಟು ಅರವತ್ತೆಂಟು, ಅದರ ಅರ್ಧ ಮೂವತ್ತನಾಲ್ಕು. ನಾನು ಫೇಲಾಗಿದ್ದೆ.

ಆ ಭಾನುವಾರವೇ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು. ಪತ್ರಿಕೆ ತೋರಿಸಿ, "ಅಮ್ಮ, ಮೇಷ್ಟ್ರು ಕೂಡೋದ್ರಲ್ಲಿ ತಪ್ಪಿದ್ದುಂಟಾ?" ಎಂದು ಕೇಳಿದೆ.

"ಅವರೆಲ್ಲಿ ಕೂಡ್ತಿದ್ರು? ಅಂಕ ಹಾಕೋರು ಅವರು, ಕೂಡೋಳು ನಾನು" ಎಂದರು. "ಅಂಕ ಹಾಕ್ದೋನು ಕೂಡಬಾರ್ದು, ಮನ್ಸು ಒಂದ್ಕಡೆ ಎಳೀತದೆ ಅನ್ನೋರು. ನಾನು ಹೇಳಿದ್ದನ್ನ ಬರ್ಕೊಳೋರು."

ಪತ್ರಿಕೆಯ ಮೇಲಿನ ಹೆಸರು ನೋಡಿ ಮೊರ ಕೆಳಗಿಟ್ಟರು.

"ನಿಂದು ಮರ್ತಿಲ್ಲ ಕಣವ್ವ. ಇಪ್ಪತ್ತು ಅಂದೆ. ಒಂದಿನಾನೂ ತಿರುಗಿ ಕೇಳ್ದೋರಲ್ಲ, ಇನ್ನೊಂದ್ಸಲ ಕೂಡು ಅಂದ್ರು. ಕೂಡ್ದೆ. ಇಪ್ಪತ್ತೇ. ಬರೀಲಿಲ್ಲ, ಪೆನ್ನು ಹಿಡ್ಕೊಂಡು ಕೂತೇ ಇದ್ರು. ಇನ್ನೊಂದ್ಸಲ ಅಂದ್ರು. ಮೂರನೇ ಸಲ ನಾನು ಕೂಡ್ಲೇ ಇಲ್ಲ. ಇಪ್ಪತ್ತೊಂದು ಅಂದ್ಬಿಟ್ಟೆ."

"ಮೇಷ್ಟ್ರು ಏನಂದ್ರು?"

"ಬರ್ಕೊಂಡ್ರು."

ನಾನು ಎದ್ದು ಅವರ ಕಾಲು ಮುಟ್ಟಿದೆ. ಇನ್ನೊಬ್ಬರ ಕಾಲು ಮುಟ್ಟುವುದಕ್ಕೆ ಎರಡು ವರ್ಷ ತಡವಾಗಿ ಬಂದಿದ್ದೆ.