ನೀರಿಲ್ಲದ ಕಾಯಿ, ಒದ್ದೆಯಾದ ಗಾಲಿ

ನನ್ನ ಮಗಳು ಸಾವಿತ್ರಿಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದಕ್ಕೆ ಎಂಟು ತಿಂಗಳು ತುಂಬಿತ್ತು. ಕಳೆದ ಛಟ್ಟಿ ಅಮಾವಾಸ್ಯೆಯ ಬೆಳಗ್ಗೆ ಅವಳ ಬಿಪಿ ಏರಿ, ಕಣ್ಣು ಮಂಜಾಗತೊಡಗಿತು. ಇಂಡಿ ಊರಿನ ಡಾಕ್ಟರಮ್ಮ ಫೋನಿನಲ್ಲಿ, "ನನ್ನ ಕಡೆ ಬಂದು ಹೊತ್ತು ಕಳೀಬ್ಯಾಡ್ರಿ. ಸೀದಾ ವಿಜಯಪುರದ ದೊಡ್ಡ ದವಾಖಾನಿಗೆ ಹೋಗ್ರಿ" ಎಂದರು. ಹನುಮಪ್ಪನನ್ನು ನಂಬಿದ ನಿಮಗೆಲ್ಲ ಆ ಬೆಳಗಿನ ಸಂಗತಿ ಹೇಳದೆ ನನಗೆ ಸಮಾಧಾನವಿಲ್ಲ.

ನಾನು ಹೊರ್ತಿಯ ನಿವೃತ್ತ ಮಾಸ್ತರ. ಹದಿನಾರು ವರ್ಷ ಹಳೆಯದಾದ ಒಂದು ಸಣ್ಣ ಕಾರು ನನ್ನದು. ಸಂತೆಗೆ, ಇಂಡಿಗೆ, ವರ್ಷಕ್ಕೊಮ್ಮೆ ಬಸವನ ಬಾಗೇವಾಡಿಯ ಬೀಗರ ಮನೆಗೆ, ಇಷ್ಟೇ ಅದರ ತಿರುಗಾಟ. ಇಷ್ಟಕ್ಕೆ ಸರ್ವೀಸ್ ಯಾಕೆಂದು ಎರಡು ವರ್ಷ ಗ್ಯಾರೇಜಿನ ಕಡೆ ತಲೆ ಹಾಕಿರಲಿಲ್ಲ. ಪೂಜೆಯನ್ನು ಮಾತ್ರ ಒಂದು ಅಮಾವಾಸ್ಯೆಯೂ ತಪ್ಪಿಸಿದವನಲ್ಲ. ಹಿಂದಿನ ಸಂಜೆ ಗಾಡಿ ತೊಳೆದು, ಬೆಳಗ್ಗೆ ಊದಿನಕಡ್ಡಿ ಹಚ್ಚಿ, ಹನುಮಪ್ಪನ ಹೆಸರಲ್ಲಿ ಕಾಯಿ ಒಡೆದು, ಅದರ ನೀರನ್ನು ನಾಲ್ಕೂ ಗಾಲಿಗೆ ಹಾಕುತ್ತಿದ್ದೆ. ಬ್ರೇಕು ಇತ್ತೀಚೆಗೆ ಆಳಕ್ಕೆ ಇಳಿಯುತ್ತಿದೆ ಎಂಬುದು ಕಾಲಿಗೆ ಗೊತ್ತಿತ್ತು. ವಯಸ್ಸಾದ ಗಾಡಿ, ಹೀಗೇ ಎಂದುಕೊಂಡಿದ್ದೆ. ಒಮ್ಮೆ ತೋರಿಸಿ ಎಂದವರಿಗೆ, "ಕಾಯಾಂವ ಹನುಮಪ್ಪ, ಗ್ಯಾರೇಜ್ ಅಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಅಂದು ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, "ಈ ಸಲ ತಾಯಿ-ಕೂಸು ಇಬ್ಬರನ್ನೂ ಉಳಿಸಪ್ಪ" ಎಂದು ಬೇಡಿಕೊಂಡು ಕಾಯಿ ಒಡೆದೆ. ಒಂದು ಹನಿ ನೀರಿರಲಿಲ್ಲ. ಒಳಗೆಲ್ಲ ಒಣಗಿ ಹೋಗಿತ್ತು.

ನನ್ನ ಹೆಂಡತಿ ನೀಲವ್ವ ಅಲ್ಲೇ ಕುಸಿದು ಕೂತಳು. "ದೇವರು ಬ್ಯಾಡ ಅನ್ನಾಕತ್ತಾನ್ರಿ. ಹೆಂಗ ಹೋಗೂದ್ರಿ ಇನ್ನ?"

"ಕಾಯಿ ಕೆಟ್ಟೈತೇನಪ್ಪ?" ಎಂದು ಮಗಳು ಒಳಗಿನಿಂದ ಕೇಳಿದಳು. ನನಗೆ ಬಂದದ್ದು ಸಿಟ್ಟು. ನಲವತ್ತು ವರ್ಷ ಶನಿವಾರ ಒಪ್ಪತ್ತು ಮಾಡಿದವನಿಗೆ ಇದೇನಾ ನಿನ್ನ ಉತ್ತರ ಎಂದು ಮನಸ್ಸಿನಲ್ಲೇ ಹನುಮಪ್ಪನನ್ನು ಬೈದೆ. ನೀವೆಲ್ಲ ಕ್ಷಮಿಸಬೇಕು, ಬೈದದ್ದು ನಿಜ.

ಹೋಳು ಎತ್ತಲು ಬಗ್ಗಿದಾಗ ಮುಂದಿನ ಎಡಗಾಲಿಯ ಒಳಮಗ್ಗುಲು ಒದ್ದೆಯಾಗಿ ಹೊಳೆಯುವುದು ಕಂಡಿತು. ಹಿಂದಿನ ಎರಡು ಅಮಾವಾಸ್ಯೆಯಲ್ಲೂ ಆ ಒದ್ದೆಯನ್ನು ನೋಡಿದ್ದೆ. ಕಾಯಿನೀರು ಎಂದು ತಿಳಿದು ಕೈ ಕೂಡ ಮುಗಿದಿದ್ದೆ! ಇವತ್ತು ಕಾಯಿಯಲ್ಲಿ ನೀರೇ ಇಲ್ಲ, ಗಾಲಿ ಹೇಗೆ ಒದ್ದೆಯಾಯಿತು? ಬೆರಳು ಹಚ್ಚಿ ನೋಡಿದೆ. ಜಿಡ್ಡು ಜಿಡ್ಡಾಗಿತ್ತು.

ಓಣಿಯ ತುದಿಯಲ್ಲಿರುವ ಗಾಡಿ ರಿಪೇರಿಯ ಮೈಬೂಬ ಮಿಸ್ತ್ರಿಯನ್ನು ಕೂಗಿದೆ. ಆತ ಬಂದವನೇ ಬಾನೆಟ್ ಎತ್ತಿದ. "ಮಾಸ್ತರ್ರ, ಇದು ಬ್ರೇಕ್ ಆಯಿಲ್ ರೀ. ಪೈಪ್ ಸೀಳೈತಿ, ಡಬ್ಬಿ ತಳಾ ಕಂಡೈತಿ. ಹೈವೇದಾಗ ಜೋರ್ ಒತ್ತಿದ್ರ ಪೆಡಲ್ ಸೀದಾ ಕೆಳಗ ಹೋಗ್ತಿತ್ತು. ಏನ್ ಮಾಡ್ತಿದ್ರಿ?" ಎಂದವನು ನನ್ನ ಉತ್ತರಕ್ಕೂ ಕಾಯದೆ ತನ್ನ ಜೀಪು ತಂದ. "ತಂಗೀನ ಇದರಾಗ ಕುಂದರಸ್ರಿ, ಲಗೂನ."

ವಿಜಯಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಆಗಿ ಹೆಣ್ಣುಕೂಸು ಹುಟ್ಟಿತು, ತಾಯಿ-ಕೂಸು ಇಬ್ಬರೂ ಉಳಿದರು. ದವಾಖಾನೆಯ ಬೆಂಚಿನ ಮೇಲೆ ಸುದ್ದಿ ಕೇಳಿದಾಗ ನನಗೆ ಹೊಳೆಯಿತು. ಹನುಮಪ್ಪ ನನಗೆ ಕೊಡದೆ ಹಿಡಿದಿಟ್ಟದ್ದು ಒಂದು ಬೊಗಸೆ ನೀರು. ಅಷ್ಟನ್ನು ಕೊಟ್ಟಿದ್ದರೆ ಗಾಲಿಗೆ ಹಾಕಿ, ಕೈ ಮುಗಿದು, ಅದೇ ಗಾಡಿಯಲ್ಲಿ ಮಗಳನ್ನು ಕರೆದುಕೊಂಡು ಹೊರಟುಬಿಡುತ್ತಿದ್ದೆ.

ಕೂಸು ಎಂಟು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಷ್ಟರಲ್ಲಿ ಮಿಸ್ತ್ರಿ ಪೈಪು ಬದಲಿಸಿ, ಹಳೆಯ ಬ್ರೇಕ್ ಆಯಿಲ್ ಚೆಲ್ಲಿ ಹೊಸದು ತುಂಬಿದ. ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಗಾಲಿಯ ಗಾಳಿ ಎಲ್ಲವನ್ನೂ ನೋಡಿದ. ಈಗ ಪ್ರತಿ ಅಮಾವಾಸ್ಯೆ ನಾನು ಮೊದಲು ಬಾನೆಟ್ ಎತ್ತುತ್ತೇನೆ, ಪೂಜೆ ಆಮೇಲೆ. ಅದೂ ಸೇವೆಯೇ ಎಂದು ಈ ವಯಸ್ಸಿನಲ್ಲಿ ಕಲಿತೆ.

ಬಾಣಂತಿಯನ್ನು ಮನೆಗೆ ಕರೆತಂದದ್ದು ನನ್ನ ಕಾರಿನಲ್ಲೇ. ಹೊರ್ತಿ ಇನ್ನೇನು ಬಂತು ಎನ್ನುವಾಗ ಹೊಲದ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರೊಂದು ಏಕಾಏಕಿ ರಸ್ತೆಗೆ ನುಗ್ಗಿತು. ಬ್ರೇಕ್ ಒತ್ತಿದೆ. ಟ್ರೇಲರಿಗೆ ಒಂದು ಮಾರು ಇರುವಾಗ ಗಾಡಿ ನಿಂತಿತು. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸ್ಟೀರಿಂಗಿಗೆ ಹಣೆ ಹಚ್ಚಿ ಹನುಮಪ್ಪನಿಗೆ ಶರಣೆಂದೆ, ಆಮೇಲೆ ಹಿಂದಕ್ಕೆ ತಿರುಗಿ ನೋಡಿದೆ. ಕೂಸಿಗೆ ಎಚ್ಚರವೇ ಆಗಿರಲಿಲ್ಲ.