ಗುಡುಗಣ್ಣ ಎದ್ದು ನಿಂತ ದಿನ

ರೈಲು ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ಡ್ರೈವರಪ್ಪನಿಗೆ ಹಿಡಿದದ್ದು ಗುಡುಗಣ್ಣನ ಹುಚ್ಚು. ಟಿ.ವಿ. ಕಾರ್ಟೂನಿನಲ್ಲಿ ರೈಲಾಗಿ ಓಡಿ ಬಂದು, ಹೊಗೆಯ ಮರೆಯಲ್ಲಿ ಮೈ ಬದಲಿಸಿ ರೋಬೋಟಾಗುತ್ತಾನಲ್ಲ, ಅವನೇ. ಆ ರೈಲಿನ ಆಟಿಕೆ ಆರು ತುಂಡು: ಒಂದು ಇಂಜಿನ್, ನಾಲ್ಕು ಬೋಗಿ, ಕೊನೆಗೆ ಒಂದು ಗಾರ್ಡ್ ಡಬ್ಬಿ. ಆರನ್ನೂ ಜೋಡಿಸಿದರೆ ರೋಬೋಟ್. ತಯಾರಿಕೆ ಎಂದೋ ನಿಂತಿತ್ತು, ಜೋಡಿಸುವ ಕ್ರಮ ತಿಳಿಸುವ ಹಾಳೆಯೂ ಎಲ್ಲೂ ಸಿಗುತ್ತಿರಲಿಲ್ಲ. ಒಂಬತ್ತು ವರ್ಷ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಐದನ್ನು ಕೂಡಿಸಿದ್ದ. ಆರನೆಯದಾದ ಗಾರ್ಡ್ ಡಬ್ಬಿ ಪ್ರದರ್ಶನದ ಹಿಂದಿನ ದಿನ ಅಂಚೆಯಲ್ಲಿ ಬಂದಾಗ, ಎಪ್ಪತ್ತರ ಮುದುಕ ಒಂದು ಸುತ್ತು ಕುಣಿದೇಬಿಟ್ಟ.

ಪ್ರದರ್ಶನ ನಡೆಸುವ ಆಟಿಕೆ ಸಂಗ್ರಾಹಕರ ಸಂಘದ ನಿಯಮ ಕಟ್ಟುನಿಟ್ಟು. ಎಲ್ಲರೆದುರು ಮೂರು ನಿಮಿಷದಲ್ಲಿ, ಬೇರೆ ಯಾರೂ ಕೈ ಹಚ್ಚದಂತೆ ಜೋಡಿಸಬೇಕು. ರೋಬೋಟ್ ಹತ್ತು ಎಣಿಸುವವರೆಗೆ ನಿಂತರೆ ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ ಒಂದು ವರ್ಷ ಜಾಗ, ಕೆಳಗೆ ಒಡೆಯನ ಹೆಸರು. ಡ್ರೈವರಪ್ಪನಿಗೆ ಬೇಕಿದ್ದದ್ದು ಅಷ್ಟೇ, ಆದರೆ ಅದಕ್ಕಾಗಿ ಅವನಿಗೆ ಊಟ ನಿದ್ದೆ ಬಿಟ್ಟುಹೋಗಿತ್ತು.

ಮರುದಿನ ಸಭೆಯೆದುರು ಇಂಜಿನ್ನನ್ನು ತಲೆಯಾಗಿಟ್ಟು ಜೋಡಿಸಿದ. ಗುಡುಗಣ್ಣ ಧಡಾರನೆ ಮಗುಚಿಕೊಂಡ. ಮತ್ತೆ ಜೋಡಿಸಿದ, ಮತ್ತೆ ಬಿದ್ದ. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಕೂತಿದ್ದಳು. ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಆಗಿದ್ದವಳು, ಎಲ್ಲರ ಬಾಯಲ್ಲಿ ಗಾರ್ಡಮ್ಮ. ಅವಳಿಗೆ ತಡೆಯಲಾಗಲಿಲ್ಲ.

"ರೀ, ಇಂಜಿನ್ ಕೆಳಗಿಡ್ರೀ!"

"ಕೆಳಗಾ? ಇಂಜಿನ್ ಅಂದ್ರೆ ತಲೆ ಕಣೇ! ಮೂವತ್ತು ವರ್ಷ ಮುಂದೆ ಕೂತು ಓಡಿಸ್ದೋನಿಗೆ ಪಾಠ ಹೇಳ್ತೀಯಾ?"

"ಮುಂದೆ ಕೂತೋರಿಗೆ ಹಿಂದಿಂದು ಏನು ಗೊತ್ತಿರುತ್ತೆ? ಅಷ್ಟು ಭಾರ ತಲೆ ಮೇಲೆ ಹೊತ್ಕೊಂಡು ಯಾರು ನಿಲ್ತಾರೆ? ಗಾರ್ಡ್ ಡಬ್ಬಿ ಹಿಂದಿನ ಬಾಗಿಲು ತೆಗೀರಿ, ನಾವು ಮುಖ ಹೊರಗೆ ಹಾಕ್ತಿದ್ದದ್ದು ಅಲ್ಲಿಂದ್ಲೇ!"

ಉಳಿದದ್ದು ಒಂದೇ ನಿಮಿಷ. ಗೊಣಗುತ್ತಲೇ ಡ್ರೈವರಪ್ಪ ಉಗುರಿನಿಂದ ಆ ಪುಟ್ಟ ಬಾಗಿಲನ್ನು ಮೀಟಿ ತೆಗೆದ. ಒಳಗಿನಿಂದ ಟಕ್ಕನೆ ಒಂದು ಮುಖ ಹೊರಬಂತು, ಎರಡು ಕೆಂಪು ಕಣ್ಣುಗಳ ಸಮೇತ! ಇಂಜಿನ್ನನ್ನು ತಿರುಚಿದ, ಅದು ನಡುವೆ ಸೀಳಿಕೊಂಡು ಎರಡು ದಪ್ಪ ಪಾದಗಳಾಯಿತು. ಅದರ ಮೇಲೆ ಬೋಗಿಗಳು, ಎಲ್ಲಕ್ಕೂ ಮೇಲೆ ಗಾರ್ಡ್ ಡಬ್ಬಿ. ಕೈಗಳನ್ನು ಹಿಂದಕ್ಕೆ ತೆಗೆದ.

"ಒಂದು... ಎರಡು..." ಇಡೀ ಸಭೆ ಎಣಿಸತೊಡಗಿತು. ಏಳಕ್ಕೆ ಗುಡುಗಣ್ಣ ಕೊಂಚ ಅಲುಗಿದ. ಎಂಟು, ಒಂಬತ್ತು, ಹತ್ತು! ಮುದುಕ ಕೂಗಿದ ಕೂಗಿಗೆ ಕಿಟಕಿ ಗಾಜು ಅದುರಿತು. ಅಷ್ಟು ಸಂತೋಷ ಅವನಿಗೆ ಮೊದಲ ರೈಲು ಓಡಿಸಿದ ದಿನವೂ ಆಗಿರಲಿಲ್ಲ.

ಸಂಘದ ಕಾರ್ಯದರ್ಶಿ ಕಪಾಟಿಗೆ ಅಂಟಿಸುವ ಚೀಟಿ, ಪೆನ್ನು ಹಿಡಿದು ಬಂದರು. "ಹೆಸರು ಹೇಳಿ, ಬರ್ಕೋತೀನಿ."

ಡ್ರೈವರಪ್ಪ ಬಾಯಿ ತೆರೆದವನು ಹೆಂಡತಿಯ ಕಡೆ ನೋಡಿದ. ಅವಳು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದಳು.

"ಮೊದಲು ಗಾರ್ಡಮ್ಮ ಅಂತ ಬರೀರಿ," ಎಂದ. "ಜಾಗ ಉಳಿದ್ರೆ ನಂದು."